ಗೊಂಬೆ ನೋಡಲು ಬಂದವರು

ಪಬ್ಲಿಕ್ ಹೆಲ್ತ್ ನರ್ಸ್ ಎಂದರೆ ಸೂಜಿ ಚುಚ್ಚುವವಳು ಎಂದು ನಮ್ಮ ಜನ ತಿಳಿದಿದ್ದಾರೆ. ಚುಚ್ಚಿದ್ದೇನೆ, ಇಲ್ಲವೆನ್ನುವುದಿಲ್ಲ. ಫ್ಲೂ ಲಸಿಕೆಯ ಕಾಲದಲ್ಲಿ ಹೆಬ್ಬೆರಳು ಮರಗಟ್ಟುವವರೆಗೂ ಚುಚ್ಚಿದ ದಿನಗಳಿವೆ. ಆದರೆ ನನಗೆ ಸಂಬಳ ಬಂದದ್ದು ಮುಖ್ಯವಾಗಿ ಪ್ರಶ್ನೆ ಕೇಳಿದ್ದಕ್ಕೆ. ಯಾರಿಗೆ ಏನು ಕಾಯಿಲೆ ಬಂತು, ಅವರ ಹತ್ತಿರ ಯಾರು ಕೂತಿದ್ದರು, ಏನು ತಿಂದರು, ಈಗ ಯಾರಿಗೆ ಹೇಳಬೇಕು. ನ್ಯೂಜೆರ್ಸಿಯ ಒಂದು ಊರಿನ ಆರೋಗ್ಯ ಇಲಾಖೆಯಲ್ಲಿ ಕೂತು ಇದನ್ನೇ ಕೇಳುತ್ತಾ ಕೂದಲು ಬೆಳ್ಳಗಾಯಿತು. ಮನೆ ಓಲ್ಡ್ ಬ್ರಿಡ್ಜ್‌ನಲ್ಲಿ, ಕೆಲಸ ಸ್ವಲ್ಪ ದೂರದ ಇನ್ನೊಂದು ಊರಿನಲ್ಲಿ. ಆ ಊರಿನ ಹೆಸರು ಬೇಡ. ಹೆಸರು ಹೇಳದೆ ಇರುವುದೂ ನನ್ನ ಕೆಲಸದ ಭಾಗವೇ ಆಗಿತ್ತು, ಆ ಚಾಳಿ ಇನ್ನೂ ಬಿಟ್ಟಿಲ್ಲ.

ಈಚೆಗೆ ಪಿಸ್ಕಾಟವೇಯಲ್ಲಿರುವ ಪರಿಚಿತರ ಮಗಳು ನರ್ಸಿಂಗ್ ಮುಗಿಸಿ ಇದೇ ಕೆಲಸಕ್ಕೆ ಸೇರಿದಳು. "ಶಾರದಾ ಆಂಟಿ, ಎನಿ ಟಿಪ್ಸ್?" ಎಂದು ಮೆಸೇಜ್ ಮಾಡಿದಳು. ಅಷ್ಟು ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ. ಅವಳಿಗೋ ಕನ್ನಡ ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಪಾಠ ಕಲಿತದ್ದು ಮೊಸರನ್ನದಿಂದ. ಕೆಲಸಕ್ಕೆ ಸೇರಿದ ಹೊಸತು. ಒಂದೇ ವಾರಾಂತ್ಯದಲ್ಲಿ ನಮ್ಮ ಕಡೆಯ ನಾಲ್ಕಾರು ಮನೆಗಳಲ್ಲಿ ವಾಂತಿ ಭೇದಿ. ಏನು ತಿಂದಿರಿ ಎಂದು ಮನೆಮನೆಗೆ ಫೋನ್ ಮಾಡಿ ಕೇಳಿದೆ. ಹೊರಗಡೆ ಏನೂ ತಿಂದಿಲ್ಲ ಎಂದು ಎಲ್ಲರೂ ಒಂದೇ ರಾಗ. ರೆಸ್ಟೋರೆಂಟ್ ಇಲ್ಲ, ಪಾರ್ಟಿ ಇಲ್ಲ, ಏನೂ ಇಲ್ಲ. ಹಾಗಾದರೆ ಇದು ನೀರಿನಿಂದಲೇ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಒಬ್ಬರು ಫೋನ್ ಇಡುವ ಮುಂಚೆ, ಪೂಜೆಯ ಮನೆಯಲ್ಲಿ ಪ್ರಸಾದ ತಗೊಂಡಿದ್ದು ಬಿಟ್ಟರೆ ಹೊಟ್ಟೆಗೆ ಏನೂ ಹೋಗಿಲ್ಲ ಎಂದರು. ಪ್ರಸಾದ ಏನು? ಮೊಸರನ್ನ. ಬೆಳಿಗ್ಗೆ ಕಲಸಿ, ಬಿಸಿಲು ಬೀಳುವ ಕಿಟಕಿಯ ಪಕ್ಕ ಮುಚ್ಚಿಟ್ಟದ್ದು, ಸಂಜೆ ಹಂಚಿದ್ದು. ಯಾರೂ ಸುಳ್ಳು ಹೇಳಿರಲಿಲ್ಲ. ನಮ್ಮವರಿಗೆ ಪ್ರಸಾದ ಎನ್ನುವುದು ಊಟದ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ.

ನನ್ನ ಮೇಲಿನ ಅಧಿಕಾರಿ ಡೆನೀಸ್. ನ್ಯೂಅರ್ಕ್‌ನಲ್ಲಿ ಹುಟ್ಟಿ ಬೆಳೆದ ಹೆಂಗಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಕಾಫಿ ಲೋಟ. ಮೊಸರನ್ನದ ಕಥೆ ಕೇಳಿ ಅವರು ನಗಲಿಲ್ಲ. ಜನ ಯಾವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೋ ಅದನ್ನು ಕೇಳುವುದೇ ನಿನ್ನ ಕೆಲಸ, ಲೆಕ್ಕಕ್ಕೆ ಹಿಡಿದದ್ದನ್ನು ಅವರೇ ಹೇಳುತ್ತಾರೆ ಎಂದರು. ಆ ಮಾತನ್ನು ನಾನು ಎಷ್ಟು ಕಡೆ ಬಳಸಿಕೊಂಡೆನೋ! ಡೆನೀಸ್ ಅಂಥವರ ಕೈಕೆಳಗೆ ಕೆಲಸ ಕಲಿತದ್ದು ನನ್ನ ಪುಣ್ಯ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಕಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ಕಲಿಸಿದವರೂ ಅವರೇ. ಕ್ಷಯ ಬಂದವರು ಮಾತ್ರೆ ನುಂಗುವುದನ್ನು ನಾವು ಕಣ್ಣಾರೆ ನೋಡಬೇಕಿತ್ತು. ತಿಂಗಳುಗಟ್ಟಲೆ ದಿನವೂ ಅವರ ಮನೆಗೆ ಹೋಗುವುದು. ದಾವಣಗೆರೆ ಕಡೆಯ ಒಬ್ಬ ಇಂಜಿನಿಯರ್ ಮನೆಗೆ ನಾನು ಮೊದಲ ದಿನ ಇಲಾಖೆಯ ಮುದ್ರೆಯಿದ್ದ ಬಿಳಿ ಕಾರನ್ನು ಬಾಗಿಲ ಮುಂದೆಯೇ ನಿಲ್ಲಿಸಿದ್ದೆ. ಆ ಮನುಷ್ಯ ಬೆವತು ಹೋಗಿದ್ದರು. ಅಕ್ಕಪಕ್ಕದವರಿಗೆ ಗೊತ್ತಾದರೆ ನಮ್ಮ ಮಗುವಿನ ಜೊತೆ ಯಾರೂ ಆಡುವುದಿಲ್ಲ ಎಂದು ಅವರ ಹೆಂಡತಿ ಅತ್ತುಬಿಟ್ಟರು. ಕಾರನ್ನು ಲೈಬ್ರರಿಯ ಹತ್ತಿರ ಬಿಟ್ಟು ನಡೆದು ಹೋಗು ಎಂದರು ಡೆನೀಸ್. ಮಾರನೆಯ ದಿನದಿಂದ ಹಾಗೇ ಮಾಡಿದೆ. ಚಳಿಗಾಲದಲ್ಲಿ ಮೂಗು ಉದುರಿ ಹೋಗುವಂತಿರುತ್ತಿತ್ತು. ಆದರೆ ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಅವರ ಪುಟ್ಟ ಮಗಳು ಬಾಗಿಲು ತೆಗೆದು "ಮಾಮ್, ಪಿಲ್ ಲೇಡಿ ಈಸ್ ಹಿಯರ್" ಎಂದು ಕೂಗುತ್ತಿದ್ದಳು. ಕಾಫಿ ಕುಡಿಸದೆ ಎಂದೂ ಕಳಿಸಲಿಲ್ಲ ಆ ಮನೆಯವರು.

ನಾನು ಸೇರಿದಾಗ ಲ್ಯಾಬ್ ವರದಿಗಳು ಫ್ಯಾಕ್ಸಿನಲ್ಲಿ ಬರುತ್ತಿದ್ದವು. ಕಾಗದ ಸಿಕ್ಕಿಕೊಂಡರೆ ಕಾಯಿಲೆಯೂ ಅಲ್ಲೇ ಸಿಕ್ಕಿಕೊಂಡಿತು ಎಂದು ನಗುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು. ಕೋವಿಡ್ ಬಂದಾಗ ಕಂಪ್ಯೂಟರಿನ ಪರದೆಯ ಮೇಲೆ ಯಾವ ಪ್ರಶ್ನೆ, ಯಾವ ಕ್ರಮ, ಯಾವ ಮಾತು ಎಂದು ಎಲ್ಲವೂ ಬರೆದೇ ಬರುತ್ತಿತ್ತು. ಸ್ಪ್ಯಾನಿಷ್‌ನಲ್ಲಿತ್ತು, ಗುಜರಾತಿಯಲ್ಲೂ ಇತ್ತು. ಕನ್ನಡದಲ್ಲಿ ಇರಲಿಲ್ಲ. ಕನ್ನಡದ ಹೆಸರು ಕಂಡರೆ ಸಹೋದ್ಯೋಗಿಗಳು ನನ್ನ ಕಡೆ ತಳ್ಳುತ್ತಿದ್ದರು.

ಆ ವರ್ಷ ಫೋನ್ ಎತ್ತಿಸುವುದೇ ದೊಡ್ಡ ಸಾಹಸ. ಕಾರಿನ ವಾರಂಟಿ ಮಾರುವವರು ಎಂದು ಅರ್ಧ ಜನ ಕತ್ತರಿಸುತ್ತಿದ್ದರು. ಎತ್ತಿದವರಲ್ಲಿ ಎಷ್ಟೋ ಮಂದಿ, ಇದರಿಂದ ನಮ್ಮ ವೀಸಾಗೆ ತೊಂದರೆ ಆಗುತ್ತಾ ಎಂದು ಕೇಳುತ್ತಿದ್ದರು. ಬೇಸಿಗೆಯಲ್ಲಿ ಸ್ವಲ್ಪ ಇಳಿದಿದ್ದ ಕೇಸುಗಳು ಎಲೆ ಕೆಂಪಾಗುವ ಹೊತ್ತಿಗೆ ಮತ್ತೆ ಏರತೊಡಗಿದವು. ಅದರ ಬೆನ್ನಿಗೇ ಯಾರಿಂದ ಬಂತು ಎನ್ನುವ ಜಗಳವೂ ಏರಿತು. ಊರಿನ ಹಳಬರು ಇಂಡಿಯನ್ನರ ಹಬ್ಬಗಳಿಂದ ಎಂದರು. ಇಂಡಿಯನ್ನರು ರಾಬಿನ್ಸ್‌ವಿಲ್ ಕಡೆಯ ಗೋದಾಮುಗಳಲ್ಲಿ ಕೆಲಸ ಮಾಡುವವರಿಂದ ಎಂದರು. ಗೋದಾಮಿನವರು ಕಾಲೇಜು ಹುಡುಗರಿಂದ ಎಂದರು. ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿ ಬರುವವರಿಂದ ಎಂದು ಎಲ್ಲರೂ ಸೇರಿ ಹೇಳಿದರು. ನಮಗಂತೂ ಬಹಳ ಸಲ ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಮುಂದೆ ಬರೆಯುವುದನ್ನು ಅದರಲ್ಲಿ ಬರುವ ಇಬ್ಬರು ಹೆಂಗಸರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಮಾತ್ರ ನಾನಿಟ್ಟದ್ದು.

ಒಂದು ಶುಕ್ರವಾರ ಬೆಳಿಗ್ಗೆ ಪುಷ್ಪಾ ಎನ್ನುವವಳ ವರದಿ ಬಂತು, ಪಾಸಿಟಿವ್. ಮೈಸೂರಿನವಳು, ನಲವತ್ತರ ಆಸುಪಾಸು, ಮನೆಯಿಂದಲೇ ಐಟಿ ಕೆಲಸ. ಕನ್ನಡದವರು ಸೇರುವ ಕಡೆ ಒಂದೆರಡು ಸಲ ನೋಡಿದ್ದೆ. ಒಗ್ಗರಣೆ ಹಾಕುವಾಗ ಇಂಗಿನ ವಾಸನೆ ಬರಲಿಲ್ಲವೆಂದು ಅನುಮಾನ ಬಂದು ಟೆಸ್ಟ್ ಮಾಡಿಸಿಕೊಂಡಿದ್ದಳು. ಪರದೆಯ ಮೇಲಿದ್ದಂತೆ ಕೇಳಿದೆ. ಮನೆಗೆ ಯಾರಾದರೂ ಬಂದಿದ್ದರೇ? ಇಲ್ಲ. ಪಾರ್ಟಿ? ಇಲ್ಲ. ಹೊರಗಿನವರ ಹತ್ತಿರ ಮಾಸ್ಕ್ ಇಲ್ಲದೆ ಮಾತಾಡಿದಿರಾ? ಇಲ್ಲವೇ ಇಲ್ಲ, "ವಿ ಆರ್ ವೆರಿ ಕೇರ್‌ಫುಲ್ ಆಂಟಿ" ಎಂದಳು. ಸುಳ್ಳು ಹೇಳುವವಳ ದನಿಯಲ್ಲ ಅದು.

ದಸರಾ ಆಗ ತಾನೇ ಮುಗಿದಿತ್ತು. ನನಗೆ ಮೊಸರನ್ನ ನೆನಪಾಯಿತು. ಪರದೆಯನ್ನು ಬದಿಗೆ ಸರಿಸಿ, ಈ ಸಲ ಗೊಂಬೆ ಕೂರಿಸಿದ್ದೀರಾ ಎಂದೆ. ಕೂರಿಸಿದ್ದೇವೆ ಎಂದಳು ಸಂತೋಷದಿಂದ. ಅಮ್ಮ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ, ರಾಜ ರಾಣಿಯ ಜೋಡಿ, ಒಂದು ವರ್ಷವೂ ತಪ್ಪಿಸಿಲ್ಲ ಎಂದಳು.

"ನೋಡೋಕೆ ಯಾರೂ ಬರಲಿಲ್ವಾ?" ಎಂದೆ.

"ಬಂದ್ರು. ಆದ್ರೆ ಅವರು ಗೊಂಬೆ ನೋಡೋಕೆ ಬಂದೋರಲ್ವಾ ಆಂಟಿ, ನಮ್ಮನ್ನ ನೋಡೋಕಲ್ಲ."

ಫೋನನ್ನು ಮ್ಯೂಟ್ ಮಾಡಿ ಒಂದು ಗಳಿಗೆ ನಕ್ಕೆ. ಪಾಪ, ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿಯೇ ಮಾಡಿದ್ದಳು. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರಬೇಕು, ಬಾಗಿಲಲ್ಲಿ ಸ್ಯಾನಿಟೈಸರ್, ಎಲ್ಲರಿಗೂ ಮಾಸ್ಕ್, ತಾಂಬೂಲ ಝಿಪ್‌ಲಾಕ್ ಚೀಲದಲ್ಲಿ. ಉಸ್ಲಿಯನ್ನೂ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದಳು, ಅಲ್ಲಿ ಯಾರೂ ತಿಂದಿರಲಿಲ್ಲ. ಹಾಗಾದರೆ ಪರವಾಗಿಲ್ಲ ಎಂದು ಫೋನ್ ಇಟ್ಟುಬಿಡಬೇಕು ಎನ್ನುವಷ್ಟರಲ್ಲಿ ಇನ್ನೊಂದು ಮಾತು ಕೇಳಿದೆ. ಗೊಂಬೆಯ ಮುಂದೆ ಹಾಡು ಹೇಳಿಸಿದಿರಾ?

"ಒಂದಾದ್ರೂ ಹಾಡು ಹೇಳಿಸ್ದೇ ಕಳಿಸೋಕಾಗುತ್ತಾ?"

ಮಾಸ್ಕ್ ಹಾಕಿಕೊಂಡು ಹಾಡುವುದುಂಟೆ? ಹಾಡುವಾಗ ಗದ್ದಕ್ಕೆ ಇಳಿಸಿಕೊಂಡಿದ್ದರು. ಹೊರಗೆ ಚಳಿ ಶುರುವಾಗಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ಗಂಟಲು ಬಿಟ್ಟು ಹಾಡಿದರೆ ಈ ವೈರಸ್ಸು ಕೋಣೆ ತುಂಬಾ ಹರಡುತ್ತದೆ ಎಂದು ನಾವು ಆ ಹೊತ್ತಿಗೆ ತಿಳಿದುಕೊಂಡಿದ್ದೆವು. ಒಬ್ಬರು ಹೋದ ಮೇಲೆ ಬಂದ ಇನ್ನೊಬ್ಬರು ಅದೇ ಗಾಳಿಯಲ್ಲಿ ನಿಂತು ಹಾಡಿದ್ದರು. ಯಾರು ಯಾರು ಬಂದಿದ್ದರು ಎಂದು ಕೇಳಿದರೆ ಅವಳಿಗೆ ನೆನಪಾಗಲಿಲ್ಲ. ಯಾರು ಯಾವ ಹಾಡು ಹೇಳಿದರು ಎಂದು ಕೇಳಿದೆ ನೋಡಿ, ಹೆಸರುಗಳು ಉದುರತೊಡಗಿದವು. ಇಂಥವರು ದೇವರನಾಮ, ಇಂಥವರು ಲಲಿತಾ ಸ್ತೋತ್ರ ಅರ್ಧಕ್ಕೆ ಮರೆತದ್ದು, ಇಂಥವರ ಮಗ ಶಾಲೆಯ ಇಂಗ್ಲಿಷ್ ಪದ್ಯ.

ಕೊನೆಗೆ, ನಾನೂ ಒಂದು ಹೇಳಿದೆ ಎಂದಳು. ಅಲ್ಲಿ ನನಗೆ ಏನೋ ಎಡವಿದಂತಾಯಿತು. ಮನೆಯೊಡತಿ ಬಂದವರಿಂದ ಹಾಡಿಸುತ್ತಾಳೆ, ತಾನಾಗಿ ಹಾಡುವುದಿಲ್ಲ, ಯಾರಾದರೂ ನೀವೇ ಹೇಳಿ ಎಂದು ಒತ್ತಾಯ ಮಾಡಿದರೆ ಮಾತ್ರ. ಯಾರು ಕೇಳಿದರು ಎಂದೆ.

"ಅದೊಂದು ಹೆಸರು ಕೇಳಬೇಡಿ ಆಂಟಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ನಾನು ಒತ್ತಾಯಿಸಲಿಲ್ಲ. ಹೆಸರು ನನ್ನಲ್ಲೇ ಉಳಿಯುತ್ತದೆ, ನನ್ನ ಗಂಡನಿಗೂ ಹೇಳುವುದಿಲ್ಲ ಎಂದೆ. ಅವರಿಗೆ ಗೊತ್ತಾಗದೆ ಹೋದರೆ ಏನಾಗಬಹುದು ಎಂಬುದನ್ನಷ್ಟೇ ಹೇಳಿದೆ. ಆಗ ಅವಳು ಅಳಲು ಶುರು ಮಾಡಿದಳು. ಅಳುವಿನ ನಡುವೆಯೇ ವಿಷಯ ಹೊರಬಿತ್ತು. ಅವಳ ಗೆಳತಿ ವಾಸಂತಿ, ಹುಬ್ಬಳ್ಳಿಯವಳು. ಕ್ಯಾನ್ಸರ್, ಕೀಮೋ ನಡೆಯುತ್ತಿತ್ತು. ಜನರ ಅಯ್ಯೋ ಪಾಪ ಕೇಳಲಾಗದೆ ಯಾರಿಗೂ ತಿಳಿಸಿರಲಿಲ್ಲ. ತಲೆಗೆ ವಿಗ್ ಹಾಕಿಕೊಂಡು ವಿಡಿಯೋ ಕಾಲ್‌ಗಳಲ್ಲಿ ನಗುತ್ತಿದ್ದಳು. ತಿಂಗಳುಗಳಿಂದ ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋಗದವಳು ಪುಷ್ಪಾಳ ಮನೆಗೆ ಮಾತ್ರ, ಉಳಿದವರು ಬರುವ ಮುಂಚೆ, ಒಬ್ಬಳೇ ಬಂದಿದ್ದಳು. ಉಸಿರು ಸಾಲುವುದಿಲ್ಲ, ನೀನೇ ಒಂದು ಹೇಳು ಎಂದಿದ್ದಳು. ಪುಷ್ಪಾ ಅವಳೆದುರು ನಿಂತು ಪೂರ್ತಿ ಹಾಡನ್ನು ಹೇಳಿದ್ದಳು. ಸೋಮವಾರ ವಾಸಂತಿಗೆ ಮುಂದಿನ ಕೀಮೋ.

ಹೊಸಬರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕೀಮೋದಲ್ಲಿ ಇರುವವರಿಗೆ ಕಾಯಿಲೆ ತಡೆಯುವ ಶಕ್ತಿ ಮೊದಲೇ ಕುಂದಿರುತ್ತದೆ. ಒಳಗೆ ವೈರಸ್ಸು ಇರುವಾಗ ತಿಳಿಯದೆ ಮತ್ತೊಂದು ಸುತ್ತು ಕೊಟ್ಟರೆ ಜೀವಕ್ಕೇ ಕುತ್ತು ಬರಬಹುದು. ಕೀಮೋ ಕೊಡುವ ಕೋಣೆಯಲ್ಲಿ ಅವಳ ಹಾಗೆಯೇ ಸೂಜಿ ಚುಚ್ಚಿಸಿಕೊಂಡು ಕೂತ ಇತರರೂ ಇರುತ್ತಾರೆ. ಅಂದು ಶುಕ್ರವಾರ, ನಡುವೆ ಇದ್ದದ್ದು ಎರಡೇ ದಿನ.

ನಿಯಮದ ಪ್ರಕಾರ ನಾನು ವಾಸಂತಿಗೆ ಫೋನ್ ಮಾಡಿ, ಸೋಂಕಿರುವ ಒಬ್ಬರ ಹತ್ತಿರ ನೀವಿದ್ದಿರಿ ಎನ್ನಬೇಕು. ಯಾರೆಂದು ಹೇಳುವಂತಿಲ್ಲ. ಅದನ್ನು ಪುಷ್ಪಾಳಿಗೆ ವಿವರಿಸಿದೆ. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದು ಧೈರ್ಯ ಹೇಳಿದೆ. ಅವಳು ಮೂಗು ಒರೆಸಿಕೊಂಡಳು.

"ಬೇಡ ಆಂಟಿ. ಮೊದಲು ನಾನು ಮಾಡ್ತೀನಿ, ಆಮೇಲೆ ನೀವು ಮಾಡಿ. ಇದನ್ನ ಅವಳು ನನ್ನ ಬಾಯಿಂದಾನೇ ಕೇಳಬೇಕು."

ಮಾಡಿದಳು. ವಾಸಂತಿಗೆ ಮಾತ್ರವಲ್ಲ, ಹಾಡಿದವರಿಗೆಲ್ಲ ಮಾಡಿದಳು, ಜ್ವರದಲ್ಲಿ ಕೆಮ್ಮುತ್ತಾ. ನಾನು ಸಂಜೆ ಒಬ್ಬೊಬ್ಬರಿಗೆ ಫೋನ್ ಹಚ್ಚಿದರೆ ಎಲ್ಲರೂ ಮೊದಲ ಗಂಟೆಗೇ ಎತ್ತಿದರು. ನನ್ನ ನೌಕರಿಯಲ್ಲಿ ಅಂಥ ಸಂಜೆ ಇನ್ನೊಂದಿಲ್ಲ. ವಾಸಂತಿ ಆಗಲೇ ತನ್ನ ಡಾಕ್ಟರಿಗೆ ತಿಳಿಸಿ ಸೋಮವಾರದ್ದನ್ನು ಮುಂದಕ್ಕೆ ಹಾಕಿಸಿದ್ದಳು. ಟೆಸ್ಟ್ ಪಾಸಿಟಿವ್ ಬಂತು. ಜ್ವರ ಬಂತು, ಆಸ್ಪತ್ರೆಗೂ ಸೇರಬೇಕಾಯಿತು. ಆದರೆ ಡಾಕ್ಟರು ಮೊದಲಿನಿಂದಲೇ ಕಣ್ಣಿಟ್ಟಿದ್ದರು, ಮೈಯಲ್ಲಿ ಹೊಸ ಸುತ್ತಿನ ಕೀಮೋ ಇರಲಿಲ್ಲ. ಗೆದ್ದು ಮನೆಗೆ ಬಂದಳು. ಅವಳು ಮನೆಗೆ ಬಂದಳು ಎಂದು ತಿಳಿದ ದಿನ ಡೆನೀಸ್ ನನಗೊಂದು ಕಾಫಿ ತಂದು ಮೇಜಿನ ಮೇಲೆ ಇಟ್ಟು ಹೋದರು.

ಅದೇ ದಿನಗಳಲ್ಲಿ ಊರಿನ ಸಭೆ ಜೂಮ್‌ನಲ್ಲಿ ನಡೆಯಿತು. ಒಬ್ಬ ಗೃಹಸ್ಥರು, ಈ ಕೇಸುಗಳು ಯಾವ ಬೀದಿಯಿಂದ ಶುರುವಾದವು ಎಂದು ತೆರಿಗೆ ಕಟ್ಟುವ ನಮಗೆ ಹೇಳಿ ಎಂದು ಪಟ್ಟು ಹಿಡಿದರು. ಡೆನೀಸ್ ತಮ್ಮ ದೊಡ್ಡ ದನಿಯನ್ನು ಅಂದು ತಗ್ಗಿಸಿದ್ದರು. ಇವತ್ತು ನಾನು ಬೀದಿಯ ಹೆಸರು ಹೇಳಿದರೆ ನಾಳೆಯಿಂದ ಆ ಬೀದಿಯಲ್ಲಿ ಯಾರೂ ನನ್ನ ನರ್ಸ್‌ಗಳ ಫೋನ್ ಎತ್ತುವುದಿಲ್ಲ, ಆಮೇಲೆ ಅದು ನಿಮ್ಮ ಬೀದಿಗೆ ಬಂದಾಗ ನಿಮಗೆ ಹೇಳುವವರೂ ಇರುವುದಿಲ್ಲ ಎಂದರು. ಆ ಮನುಷ್ಯ ಒಪ್ಪಿದರೋ ಇಲ್ಲವೋ ತಿಳಿಯದು.

ನಮ್ಮ ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಹಾಗೆ ತಡೆದು ಹೇಳಲು ಡೆನೀಸ್ ಇರಲಿಲ್ಲವಲ್ಲ. ಪುಷ್ಪಾ ತಾನೇ ಫೋನ್ ಮಾಡಿ ಹೇಳಿದ್ದಳು, ಹಾಗಾಗಿ ಬೇರೆ ಯಾರೂ ಪತ್ತೆ ಹಚ್ಚುವ ಅಗತ್ಯವೇ ಬೀಳಲಿಲ್ಲ. ಗೊಂಬೆ ಮನೆಯಿಂದ ಬಂತಂತೆ ಎಂದು ಶುರುವಾದದ್ದು, ಇಂಥ ಕಾಲದಲ್ಲಿ ಗೊಂಬೆ ಬೇಕಿತ್ತೇ ಎಂದು ಬೆಳೆಯಿತು. ಹೋಗಿ ಹಾಡಿ, ತಾಂಬೂಲ ತಂದವರೇ ಹಾಗೆ ಬರೆದರು. ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದರೂ ಬಾಯಿ ಬಿಡುವಂತಿಲ್ಲ. ಗೆಳತಿಯೊಬ್ಬಳು ನನ್ನನ್ನೇ ಕೆದಕಿದಾಗ, ನಿನ್ನ ಹೆಸರನ್ನೂ ಹೀಗೇ ಗುಟ್ಟಾಗಿ ಇಟ್ಟುಕೊಂಡಿರುತ್ತೇನೆ, ಚಿಂತೆ ಮಾಡಬೇಡ ಎಂದೆ. ಅವಳು ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಪುಷ್ಪಾ ಯಾರಿಗೂ ಎದುರಾಡಲಿಲ್ಲ. ಗೊಂಬೆಗಳನ್ನು ಬಬಲ್ ರ‍್ಯಾಪ್‌ನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಯಾರಿಗಾದರೂ ಬೇಕಾದರೆ ಪಟ್ಟದ ಗೊಂಬೆಯನ್ನೂ ಕೊಟ್ಟುಬಿಡುತ್ತೇನೆ ಎಂದಳಂತೆ.

ಮುಂದಿನ ದಸರಾ ಹೊತ್ತಿಗೆ ಎಲ್ಲರಿಗೂ ಲಸಿಕೆ ಆಗಿತ್ತು, ನಾನು ನಿವೃತ್ತಳಾಗಿದ್ದೆ. ಈ ವರ್ಷ ಯಾರ ಮನೆಯಲ್ಲಿ ಗೊಂಬೆ ಎಂದು ಗುಂಪಿನಲ್ಲಿ ಮಾತು ಬಂತು. ಒಬ್ಬರು, ನೋಡಿಕೊಂಡು ಹೋಗೋಣ, ಹೋದ ಸಲ ಯಾರ ಮನೆಯಿಂದ ಬಂತು ಅಂತ ಗೊತ್ತಲ್ಲ ಎಂದು ಬರೆದರು. ಸ್ವಲ್ಪ ಹೊತ್ತಿಗೆ ವಾಸಂತಿಯ ದನಿ ಬಂತು, ವಾಯ್ಸ್ ಮೆಸೇಜು. ಆ ಗುಂಪಿನಲ್ಲಿ ಅವಳು ಅದುವರೆಗೆ ಶುಭಾಶಯ ಬಿಟ್ಟು ಏನನ್ನೂ ಹಾಕಿದವಳಲ್ಲ. ತನಗೆ ಏನಾಗಿತ್ತು, ವಿಗ್ ಯಾಕೆ ಹಾಕುತ್ತಿದ್ದೆ ಎಂದು ಮೊದಲು ಹೇಳಿದಳು. ಆಮೇಲೆ ಅಂದಳು:

"ಹೌದ್ರೀ, ಪುಷ್ಪಾನ ಮನಿಯಿಂದನ ಬಂತು. ಜಡ್ಡೂ ಬಂತು, ಫೋನೂ ಬಂತು. ಜಡ್ಡು ಆಕಿಗೂ ಗೊತ್ತಿಲ್ದಂಗ ಬಂತು. ಫೋನು ಆಕಿ ಗೊತ್ತಿದ್ದು ಮಾಡಿದ್ಲು, ನೀವೆಲ್ಲಾ ಏನಂತೀರಿ ಅಂತ ಗೊತ್ತಿದ್ದೂ ಮಾಡಿದ್ಲು. ಆ ಫೋನು ಬರ್ಲಿಲ್ಲಂದ್ರ ಸೋಮವಾರ ನಾ ಕೀಮೋಕ್ಕ ಹೋಗಿ ಕೂಡ್ತಿದ್ದೆ. ಯಾರಿಂದ ಬಂತು ಅಂತ ಇನ್ನೊಮ್ಮೆ ಯಾರರ ಕೇಳಿದ್ರ, ಇಷ್ಟೂ ಸೇರಿಸಿ ಹೇಳ್ರಿ."

ನಾನು ಅದನ್ನು ಅಡುಗೆಮನೆಯಲ್ಲಿ ನಿಂತು ಮತ್ತೆ ಮತ್ತೆ ಕೇಳಿದೆ, ಕೇಳುತ್ತಾ ಅತ್ತೆ. ಇಷ್ಟು ವರ್ಷ ನಾನು ಬಾಯಿ ಕಟ್ಟಿಕೊಂಡು ಕಾದದ್ದನ್ನೆಲ್ಲ ಅವಳು ಬಾಯಿ ಬಿಟ್ಟು ಕಾದುಕೊಟ್ಟಳು ಎನಿಸಿತು. ಹುಡುಗಿ, ನೀನು ಕೇಳಿದ್ದ ಟಿಪ್ ಏನಾದರೂ ಇದ್ದರೆ ಅವಳ ಮಾತಿನಲ್ಲಿದೆ. ಯಾರಿಂದ ಬಂತು ಎಂದು ಊರು ಕೇಳುತ್ತಲೇ ಇರುತ್ತದೆ. ಯಾರಿಗೆ ಹೇಳಬೇಕು ಎನ್ನುವುದು ನಿನ್ನ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಧೈರ್ಯ ಇರುವವರನ್ನು ಗೌರವದಿಂದ ಕಾಣು. ಫೋನ್ ಎತ್ತಿದ ಪ್ರತಿಯೊಬ್ಬರಿಗೂ ನಾನು ಋಣಿ, ಬೈದು ಇಟ್ಟವರಿಗೂ ಕೂಡ, ಎತ್ತಿದರಲ್ಲ.

ಹಬ್ಬ ಶುರುವಾದ ಮೇಲೆ ಪುಷ್ಪಾಳಿಂದ ನನಗೊಂದು ಮೆಸೇಜು, ಬನ್ನಿ ಆಂಟಿ ಎಂದು. ಹೋದೆ. ಆಗಿನ್ನೂ ಬಬಲ್ ರ‍್ಯಾಪ್ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಗೊಂಬೆಗಳಿಗೆ ಮೆಟ್ಟಿಲು ಕಟ್ಟಲು ಹೊತ್ತು ಸಿಕ್ಕಿರಲಿಲ್ಲ, ಕಾಫಿ ಟೇಬಲ್ಲಿನ ಮೇಲೆ ಕೆಂಪು ಬಟ್ಟೆ ಹಾಸಿ ಪಟ್ಟದ ಗೊಂಬೆ ಎರಡನ್ನೇ ಕೂರಿಸಿದ್ದಳು. ಚಳಿಯಿದ್ದರೂ ಕಿಟಕಿಗಳೆಲ್ಲ ತೆರೆದಿದ್ದವು. ಸೋಫಾದ ಮೇಲೆ ವಾಸಂತಿ ಶಾಲು ಹೊದ್ದು ಕೂತಿದ್ದಳು, ವಿಗ್ ಇಲ್ಲದೆ. ಹೊಸದಾಗಿ ಬಂದ ಗುಂಗುರು ಕೂದಲು, ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು. ಅಂದು ತಾನೇ ಮೊದಲು ಹಾಡುತ್ತೇನೆಂದು ಪಟ್ಟು ಹಿಡಿದಿದ್ದಳು.

ನಾನು ಚಪ್ಪಲಿ ಬಿಡುತ್ತಿದ್ದಾಗ ಪುಷ್ಪಾ ಬಾಗಿಲಿಗೆ ಅಡ್ಡ ನಿಂತಳು. ನರ್ಸಮ್ಮನ ದನಿ ಮಾಡಿಕೊಂಡು, "ಗೊಂಬೆ ನೋಡೋಕೆ ಬಂದ್ರಾ, ನಮ್ಮನ್ನ ನೋಡೋಕೆ ಬಂದ್ರಾ?" ಎಂದು ಕೇಳಿದಳು.

"ನಿಮ್ಮನ್ನ ನೋಡೋಕೆ," ಎಂದೆ.

"ಹಾಗಾದ್ರೆ ನೀವು ಲೆಕ್ಕಕ್ಕೆ ಬರ್ತೀರಿ. ಒಳಗೆ ಬನ್ನಿ."